ಕಾಟು ಹೊಡೆದ ಪುಟವನ್ನೇ ಕಳುಹಿಸಿ

ನಮಸ್ಕಾರ. ಗಂಗಾವತಿಯಿಂದ ಮಾತನಾಡುತ್ತಿದ್ದೇನೆ. ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಗಣಿತ ಕಲಿಸುತ್ತಿದ್ದೇನೆ. ಇವತ್ತಿನ ಮಾತು ಪಾಲಕರಿಗೆ.

ಮೊನ್ನೆ ನಮ್ಮ ಓಣಿಯ ತಾಯಿಯೊಬ್ಬರು ಆರನೇ ತರಗತಿಯ ಮಗಳನ್ನು ಕರೆದುಕೊಂಡು ಮನೆಗೆ ಬಂದಿದ್ದರು. ಪ್ರತಿಭಾವಂತ ಮಕ್ಕಳಿಗಾಗಿ ನಡೆಯುವ ಒಂದು ತರಬೇತಿಗೆ ಅರ್ಜಿ ಹಾಕಬೇಕಿತ್ತು. ಮಗು ಮಾಡಿದ ಕೆಲಸದ ಐದು ಮಾದರಿಗಳನ್ನು ಜೊತೆಗೆ ಕೇಳಿದ್ದರು. ತಾಯಿ ಚೀಲದಿಂದ ತೆಗೆದದ್ದು ಲ್ಯಾಮಿನೇಷನ್ ಮಾಡಿಸಿದ ಮೂರು ಪ್ರಮಾಣಪತ್ರ, ಅಂಗಡಿಯಲ್ಲಿ ಕೊಂಡ ಥರ್ಮಾಕೋಲ್ ಜ್ವಾಲಾಮುಖಿ, ಟ್ಯೂಷನ್ ಸರ್ ಹೇಳಿ ಬರೆಸಿದ ಒಂದು ಪ್ರಬಂಧ.

"ಇದರಲ್ಲಿ ನೀನೇ ಮಾಡಿದ್ದು ಯಾವುದವ್ವಾ?" ಎಂದು ಹುಡುಗಿಯನ್ನು ಕೇಳಿದೆ. ಅವಳು ತಾಯಿಯ ಮುಖ ನೋಡಿದಳು. ಆಮೇಲೆ ಮೆಲ್ಲಗೆ, "ಮನೆಯಲ್ಲಿ ಒಂದು ರಫ್ ನೋಟು ಇದೆ" ಎಂದಳು. ಓಡಿಹೋಗಿ ತಂದಳು.

ಆ ನೋಟಿನ ವಿಷಯ ಹೇಳಲೇಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತಲ್ಲ, ಆಗ ಶುರುವಾದ ನೋಟು ಅದು. ಅವಳ ಅಪ್ಪ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವವರು. ಬೆಳಿಗ್ಗೆ ಪತ್ರಿಕೆ ಬಂದರೆ ಮೊದಲು ನೋಡುವುದು ಡ್ಯಾಂ ಮಟ್ಟ. ಅಪ್ಪ ಯಾಕೆ ಊಟ ಬಿಟ್ಟು ಕೂತಿದ್ದಾರೆ ಎಂದು ತಿಳಿಯಲು ಮಗಳು ಒಳಹರಿವು, ಹೊರಹರಿವು, ಸಂಗ್ರಹ ಮೂರನ್ನೂ ದಿನಾ ಬರೆದಿಡತೊಡಗಿದಳು. ಮುಂದಿನ ಮಳೆಗಾಲದಲ್ಲೂ ಬಿಡಲಿಲ್ಲ.

ಒಂದು ಪುಟದಲ್ಲಿ ಅವಳಿಗೊಂದು ಪ್ರಶ್ನೆ ಹುಟ್ಟಿದೆ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಹಾಗಾದರೆ ದಿನಕ್ಕೆ ಎಷ್ಟು ಟಿಎಂಸಿ ಬಂತು? ಒಳಹರಿವಿನಲ್ಲಿ ಹೊರಹರಿವು ಕಳೆದರೆ 35,000 ಕ್ಯೂಸೆಕ್ ಉಳಿದಿತ್ತು. ಅದನ್ನು 24ರಿಂದ, ಮತ್ತೆ 60ರಿಂದ ಗುಣಿಸಿ ನಿಲ್ಲಿಸಿದ್ದಾಳೆ. ಬಂದದ್ದು ಐದು ಕೋಟಿ ಚಿಲ್ಲರೆ ಘನ ಅಡಿ. ಕೆಳಗೆ ಬರೆದಿದ್ದಾಳೆ: "ಹೀಗಾದರೆ ಡ್ಯಾಂ ತುಂಬಲು ಸುಮಾರು ಆರು ವರ್ಷ ಬೇಕು. ಆದರೆ ಪೇಪರಿನಲ್ಲಿ ಒಂದೇ ದಿನಕ್ಕೆ ಮೂರು ಟಿಎಂಸಿ ಏರಿದೆ. ನನ್ನದೇ ತಪ್ಪು." ಪುಟಕ್ಕೆ ಅಡ್ಡಲಾಗಿ ಕಾಟು. ಮುಂದಿನ ಪುಟದಲ್ಲಿ ನಿಮಿಷವನ್ನು ಸೆಕೆಂಡ್ ಮಾಡುವ ಇನ್ನೊಂದು 60 ಸೇರಿದೆ, ಲೆಕ್ಕ ಕೂಡಿದೆ. ಅದರ ಕೆಳಗೆ ದಪ್ಪಕ್ಷರದಲ್ಲಿ: ಸುಮಾರು 11,574 ಕ್ಯೂಸೆಕ್ ಇಡೀ ದಿನ ಹರಿದರೆ ಒಂದು ಟಿಎಂಸಿ.

ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಓದುತ್ತಾ ನನ್ನ ಕಣ್ಣು ತುಂಬಿತು.

ತಾಯಿ, "ಅಕ್ಕೋರೇ, ಕಾಟು ಹೊಡೆದ ಪುಟ ಬಿಟ್ಟು ಉಳಿದದ್ದನ್ನು ಚೆಂದ ಮಾಡಿ ಬರೆಸಲೇ?" ಎಂದರು. ಬೇಡವೇ ಬೇಡ ಎಂದೆ. ಆ ಪುಟವೇ ಮೊದಲ ಮಾದರಿ.

ಯಾಕೆಂದು ಹೇಳುತ್ತೇನೆ. ನವೋದಯದ ಆರನೇ ತರಗತಿ ಪ್ರವೇಶಕ್ಕೆ ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅಲ್ಲಿ ಸರಿ ಉತ್ತರವಿದ್ದರೆ ಸಾಕು, ಮಾದರಿ ಯಾರೂ ಕೇಳುವುದಿಲ್ಲ. ಮಾದರಿ ಕೇಳುವವರು ಉತ್ತರ ಪತ್ರಿಕೆಯಲ್ಲಿ ಕಾಣದ್ದನ್ನು ನೋಡಲು ಕೇಳುತ್ತಾರೆ. ತನ್ನ ತಪ್ಪನ್ನು ತಾನೇ ಹಿಡಿದ ಮಗು ಪ್ರಮಾಣಪತ್ರದಲ್ಲಿ ಕಾಣುವುದಿಲ್ಲ, ಕಾಟು ಹೊಡೆದ ಪುಟದಲ್ಲಿ ಕಾಣುತ್ತದೆ. ಕೊಂಡು ತಂದ ಜ್ವಾಲಾಮುಖಿ ಸುಳ್ಳು ಹೇಳುವುದನ್ನು ಮಗುವಿಗೆ ಕಲಿಸುತ್ತದೆ. ಈ ಮಾತು ಕಟುವೆನಿಸಿದರೂ ಹಿಂದೆ ತೆಗೆದುಕೊಳ್ಳುವುದಿಲ್ಲ. ಶಾಲಾ ಮಕ್ಕಳ ಹೊಸ ಯೋಚನೆಗಳಿಗೆ ಕೇಂದ್ರ ಸರ್ಕಾರ ಕೊಡುವ ಇನ್‌ಸ್ಪೈರ್ ಮಾನಕ್ ಪ್ರಶಸ್ತಿಗೂ ಇದೇ ಮಾತು. ಆಯ್ಕೆಯಾದರೆ 10,000 ರೂಪಾಯಿ ಸಿಗುತ್ತದೆ ನಿಜ, ಆದರೆ ಯೋಚನೆ ಮಗುವಿನದೇ ಆಗಿರಬೇಕು.

ಹಿರಿಯರು ಕೈಹಾಕಲೇಬಾರದೇ? ಹಾಕಲಿ, ಹಾಕಿದ್ದನ್ನು ಹೇಳಲಿ. ಮರದ ಗೊಂಬೆಗೆ ಹೆಸರಾದ ನಮ್ಮ ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಒಂದು ಗೊಂಬೆಗೆ ಇಡೀ ಮನೆ ದುಡಿಯುತ್ತದೆ. ಮರ ಕೆತ್ತುವವರು ಒಬ್ಬರು, ಹುಣಸೆ ಬೀಜದ ಅಂಟು ಸಿದ್ಧಮಾಡುವವರು ಇನ್ನೊಬ್ಬರು. ಅಲ್ಲಿನ ಹುಡುಗ ಗೊಂಬೆಯ ಕಣ್ಣು ಮಾತ್ರ ಬರೆದಿದ್ದರೆ "ಕಣ್ಣು ನಾನು ಬರೆದೆ, ಉಳಿದದ್ದು ಅಜ್ಜನದು" ಎಂದು ಬರೆಯಲಿ. ಅವನು ಮೊದಲು ಕಣ್ಣು ಕೆಡಿಸಿದ ಗೊಂಬೆಯ ಫೋಟೋ ಇದ್ದರೆ ಅದನ್ನೂ ಪಕ್ಕದಲ್ಲಿ ಇಡಿ.

ಕನ್ನಡದಲ್ಲಿ ಬರೆದದ್ದು ಕನ್ನಡದಲ್ಲೇ ಹೋಗಲಿ. ಇಂಗ್ಲಿಷ್ ಬೇಕೆಂದರೆ ಅನುವಾದವನ್ನು ಬೇರೆ ಹಾಳೆಯಲ್ಲಿ ಲಗತ್ತಿಸಿ, ಯಾರು ಮಾಡಿದರೆಂದು ಬರೆಯಿರಿ. ಪ್ರತಿ ಮಾದರಿಯ ಮೇಲೆ ದಿನಾಂಕ ಇರಲಿ. ಮಗು ಅದನ್ನು ಯಾಕೆ ಮಾಡಿತು ಎಂಬುದು ಎರಡು ಸಾಲಿನಲ್ಲಿ, ಅದರದೇ ಮಾತಿನಲ್ಲಿ ಇರಲಿ. ಕಾಗುಣಿತ ತಿದ್ದಬೇಡಿ. ಫೋಟೋ ಹಗಲು ಬೆಳಕಿನಲ್ಲಿ ತೆಗೆಯಿರಿ, ಅಷ್ಟೇ.

ನನ್ನ ಚಿಂತೆ ಇನ್ನೊಂದು. ಪರೀಕ್ಷೆ ಮುಗಿದ ಕೂಡಲೇ ನಮ್ಮ ಮನೆಗಳಲ್ಲಿ ನೋಟುಗಳು ರದ್ದಿಗೆ ಹೋಗುತ್ತವೆ. ತೂಕಕ್ಕೆ ಹಾಕುವ ಮುಂಚೆ ಹಿಂದಿನ ಪುಟಗಳನ್ನು ಒಮ್ಮೆ ತಿರುವಿ. ಮಕ್ಕಳು ತಮಗಾಗಿ ಬರೆದುಕೊಳ್ಳುವುದು ಅಲ್ಲೇ.

ಆ ಹುಡುಗಿಯ ನೋಟಿನ ಕೊನೆಯ ಪುಟವನ್ನೂ ಕಳುಹಿಸಿದ್ದೇವೆ. ಬೇಸಿಗೆಯ ಒಂದು ದಿನ ಲೆಕ್ಕಕ್ಕಿಂತ ಸ್ವಲ್ಪ ನೀರು ಕಡಿಮೆ ಬಂದಿದೆ. ಪಕ್ಕದಲ್ಲಿ ಪೆನ್ಸಿಲಿನಲ್ಲಿ, "ಬಿಸಿಲಿಗೆ ಆರಿದ್ದು ಎಷ್ಟು? ಅಳೆಯುವುದು ಹೇಗೆ?" ಎಂದಿದೆ. ಉತ್ತರದ ಜಾಗ ಖಾಲಿ ಇದೆ. ನಾನೂ ತುಂಬಲಿಲ್ಲ.