ಬೇಸ್ ಹಿಡಿದ ಕ್ಲಿಫ್ ಬರ್ಟನ್

ನಮಸ್ಕಾರ ಕೇಳುಗರೇ. ಹೆವಿ ಮೆಟಲ್ ಅಂದ ತಕ್ಷಣ ಅಯ್ಯೋ ಬರೀ ಕಿರುಚಾಟ ಅಂತ ರೇಡಿಯೋ ಆಫ್ ಮಾಡೋಕೆ ಹೊರಟೋರು ಸ್ವಲ್ಪ ತಡ್ಕೊಳ್ಳಿ. ಇವತ್ತು ನಾನು ಹೇಳ್ತಿರೋದು ಅಮೆರಿಕದ ಮೆಟಾಲಿಕಾ ಬ್ಯಾಂಡಿನಲ್ಲಿ ತಗ್ಗು ಸ್ವರದ ಬೇಸ್ ಗಿಟಾರ್ ನುಡಿಸ್ತಿದ್ದ ಕ್ಲಿಫ್ ಬರ್ಟನ್ ಬಗ್ಗೆ, ಆ ಪುಣ್ಯಾತ್ಮ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ದಿಗ್ಗಜ ಬಾಖ್ ಸಂಗೀತ ಅಂದ್ರೆ ಪ್ರಾಣ ಬಿಡ್ತಿದ್ದ.

ರಾಕ್ ಬ್ಯಾಂಡಲ್ಲಿ ಬೇಸ್ ನುಡಿಸೋನ ಕಡೆ ಸಾಮಾನ್ಯವಾಗಿ ಯಾರೂ ನೋಡಲ್ಲ. ನಮ್ಮ ಕಚೇರೀಲಿ ಹಿಂದೆ ತಂಬೂರಿ ಹಿಡ್ಕೊಂಡು ಕೂತಿರೋರ ಥರ, ಇದ್ದಾಗ ಗೊತ್ತಾಗಲ್ಲ, ಇಲ್ದಿದ್ರೆ ಗೊತ್ತಾಗುತ್ತೆ. 1982ರಲ್ಲಿ ಲಾಸ್ ಏಂಜಲೀಸ್‌ನ ವಿಸ್ಕಿ ಎ ಗೋ ಗೋ ಕ್ಲಬ್ಬಲ್ಲಿ ಟ್ರಾಮಾ ಅನ್ನೋ ಬ್ಯಾಂಡ್ ಜೊತೆ ಕ್ಲಿಫ್ ನುಡಿಸ್ತಿದ್ದ, ಅಲ್ಲಿಗೆ ಬಂದಿದ್ದ ಮೆಟಾಲಿಕಾದ ಜೇಮ್ಸ್ ಹೆಟ್‌ಫೀಲ್ಡು ಲಾರ್ಸ್ ಉಲ್ರಿಕ್ಕು ಸೋಲೋ ಕೇಳಿ ಯಾರಪ್ಪ ಇವನು ಗಿಟಾರಿಸ್ಟು ಅಂತ ಸ್ಟೇಜೆಲ್ಲಾ ಹುಡುಕಿದ್ರಂತೆ, ನೋಡಿದ್ರೆ ಅದು ಬೇಸು! ದನಿ ತಿರುಚೋ ವಾ ಪೆಡಲ್ಲು, ದನಿ ಒರಟಾಗಿಸೋ ಡಿಸ್ಟಾರ್ಷನ್ನು, ಕೆದರಿದ ಕೂದಲು, ಆಗ್ಲೇ ಹಳೇದಾಗಿದ್ದ ಬೆಲ್ ಬಾಟಮ್ ಪ್ಯಾಂಟು. ಬಾ ನಮ್ಮ ಬ್ಯಾಂಡಿಗೆ ಅಂತ ಕರೆದ್ರೆ ಇವನು ನಾನ್ಯಾಕೆ ಬರ್ಲಿ, ಬೇಕಿದ್ರೆ ನೀವೇ ಸ್ಯಾನ್ ಫ್ರಾನ್ಸಿಸ್ಕೋ ಕಡೆ ಬನ್ನಿ ಅಂತ ಪಟ್ಟು ಹಿಡಿದ. ಒಬ್ಬ ಬೇಸಿಸ್ಟ್‌ಗೋಸ್ಕರ ಇಡೀ ಬ್ಯಾಂಡ್ ಗಂಟುಮೂಟೆ ಕಟ್ಕೊಂಡು ಊರೇ ಬದಲಾಯಿಸ್ತು ನೋಡಿ.

ಅವನ ಈ ನುಡಿಸಾಣಿಕೆ ಹಿಂದೆ ಒಂದು ನೋವಿದೆ. ಕ್ಲಿಫ್‌ಗೆ 13 ವರ್ಷ ಆಗಿದ್ದಾಗ ಅವನಣ್ಣ ಸ್ಕಾಟ್ ತೀರಿಕೊಂಡ. ಅಣ್ಣನಿಗೋಸ್ಕರ ಒಳ್ಳೇ ಬೇಸಿಸ್ಟ್ ಆಗ್ತೀನಿ ಅಂದೋನು ದಿನಾ ಗಂಟೆಗಟ್ಲೆ ಪ್ರಾಕ್ಟೀಸ್‌ಗೆ ಕೂತ್ಕೊಂಡ. ತಂತಿ ಮೀಟೋ ಪಿಕ್ ಇಲ್ಲ, ಬರೀ ಬೆರಳು.

ಬ್ಯಾಂಡಿಗೆ ಅವನು ಕೊಟ್ಟಿದ್ದು ಬರೀ ನುಡಿಸಾಣಿಕೆ ಅಲ್ಲ. ಸ್ವರ ಸ್ವರ ಹೇಗೆ ಸೇರುತ್ತೆ, ಎರಡು ಗಿಟಾರ್ ಬೇರೆ ಬೇರೆ ಎಳೆ ಹಿಡಿದು ಹಾರ್ಮನಿಯಾಗಿ ಹೇಗೆ ಹೋಗ್ಬೇಕು ಅನ್ನೋದನ್ನ ಬಾಕಿಯೋರು ಕಲಿತಿದ್ದು ಅವನಿಂದ, ಇದನ್ನ ಅವರೇ ಎಷ್ಟೋ ಸಲ ಹೇಳ್ಕೊಂಡಿದಾರೆ. 1983ರ ಮೊದಲ ಆಲ್ಬಮ್ ಬರೀ ಸ್ಪೀಡು, ಸಿಟ್ಟು. ಮುಂದಿನ ವರ್ಷದ ‘ರೈಡ್ ದ ಲೈಟ್ನಿಂಗ್’ ಕೇಳಿ, ಅದೇ ಹುಡುಗ್ರಾ ಇವರು ಅನ್ಸುತ್ತೆ. ಅದರಲ್ಲಿ ‘ಫಾರ್ ಹೂಮ್ ದ ಬೆಲ್ ಟೋಲ್ಸ್’ ಶುರುವಲ್ಲಿ ಗಂಟೆ ಸದ್ದಾದ್ಮೇಲೆ ಒಂದು ರಾಗ ಗೊಗ್ಗರು ದನೀಲಿ ಜಾರ್ಕೊಂಡು ಇಳಿಯುತ್ತಲ್ಲ, ಅದನ್ನ ಗಿಟಾರ್ ಅಂದ್ಕೊಂಡೋರು ಲೆಕ್ಕ ಇಲ್ಲ. ಅದು ಕ್ಲಿಫ್ ಬೇಸು.

1986ರ ಸೆಪ್ಟೆಂಬರ್ 27ರ ಬೆಳಗಿನ ಜಾವ, ಸ್ವೀಡನ್‌ನಲ್ಲಿ ಟೂರ್ ಬಸ್ ಪಲ್ಟಿ ಹೊಡೀತು. ಹಿಂದಿನ ರಾತ್ರಿ ಇಸ್ಪೀಟ್ ಎಲೆ ಎತ್ತಿ ಗೆದ್ದು ಬ್ಯಾಂಡಿನ ಗಿಟಾರಿಸ್ಟ್ ಕರ್ಕ್ ಹ್ಯಾಮೆಟ್ ಮಲಗ್ತಿದ್ದ ಬಂಕನ್ನ ಕ್ಲಿಫ್ ತಗೊಂಡಿದ್ದ. ಆ ಅಪಘಾತದಲ್ಲಿ ಕ್ಲಿಫ್ ಹೋಗ್ಬಿಟ್ಟ. 24 ವರ್ಷ, ಅಷ್ಟೇ.

ಆಮೇಲೆ ಜೇಸನ್ ನ್ಯೂಸ್ಟೆಡ್ ಬಂದ, ಒಳ್ಳೇ ಬೇಸಿಸ್ಟೇ. ಆದ್ರೆ 1988ರ ಆಲ್ಬಮ್ ಮಿಕ್ಸಿಂಗ್‌ನಲ್ಲಿ ಅವನ ಬೇಸ್ ಎಷ್ಟು ಇಳಿಸಿದ್ರು ಅಂದ್ರೆ ಕಿವಿಗೊಟ್ರೂ ಕೇಳ್ಸಲ್ಲ. ಯಾಕೆ ಅಂತ ಜಗಳ ಇವತ್ತಿಗೂ ಮುಗಿದಿಲ್ಲ. ನನಗನ್ಸೋದು, ದುಃಖಾನ ಹೊಸಬನ ಮೇಲೆ ತೀರಿಸ್ಕೊಂಡ್ರು, ಪಾಪ ಅವನದೇನು ತಪ್ಪು.

2011ರ ಅಕ್ಟೋಬರ್ 30ಕ್ಕೆ ನಮ್ಮ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದಾಗ ಬೇಸ್ ಹಿಡಿದಿದ್ದು ರಾಬರ್ಟ್ ಟ್ರುಹಿಯೋ, ಅವತ್ತು ಕುಣಿದ ಹುಡುಗ್ರಲ್ಲಿ ಎಷ್ಟೋ ಜನ ಕ್ಲಿಫ್ ಹೋದಾಗ ಹುಟ್ಟೇ ಇರ್ಲಿಲ್ಲ. ಆ ಕಡೆ ಕ್ಯಾಲಿಫೋರ್ನಿಯಾದಲ್ಲಿ ಅವರಪ್ಪ ರೇ ಬರ್ಟನ್ ಮಗನ ರಾಯಲ್ಟಿ ದುಡ್ಡನ್ನ ಅವನು ಓದಿದ ಕ್ಯಾಸ್ಟ್ರೋ ವ್ಯಾಲಿ ಹೈಸ್ಕೂಲಿನ ಸಂಗೀತ ಕಲಿಯೋ ಮಕ್ಕಳ ಸ್ಕಾಲರ್‌ಶಿಪ್‌ಗೆ ಕೊಡ್ತಿದ್ರು, 2020ರಲ್ಲಿ ಅವರೂ ಹೋದ್ರು.

ಈಗ ಕ್ಲಿಫ್ ಇದ್ದಾಗ ಮೆಟಾಲಿಕಾ ನುಡಿಸಿದ ‘ಒರಾಯನ್’ ಹಾಕ್ತೀನಿ. ಹಾಡೋರಿಲ್ಲ, ಬರೀ ವಾದ್ಯ, ಎಂಟೂವರೆ ನಿಮಿಷದ ಹತ್ರ ಇದೆ. ನಾಲ್ಕು ನಿಮಿಷ ಆಗ್ತಿದ್ದಂಗೆ ಗಲಾಟೆ ಎಲ್ಲ ಇಳಿದು ಬೇಸ್ ಶುರುವಾಗುತ್ತೆ, ಹೆಡ್‌ಫೋನ್ ಇದ್ರೆ ಹಾಕ್ಕೊಂಡ್ಬಿಡಿ.