ಹೊಟ್ಟೆಯಿಂದ ಕಕ್ಕಿಸಿದ ಸಾಕ್ಷ್ಯ

ಕೇಳುಗರಿಗೆ ನಮಸ್ಕಾರ.

ಹೊಡೆದು ಬಡಿದು ಬರೆಸಿಕೊಂಡ ತಪ್ಪೊಪ್ಪಿಗೆಯನ್ನು ಕೋರ್ಟು ನಂಬಬಾರದು. ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನೋವು ತಾಳಲಾರದೆ ಮನುಷ್ಯ ಮಾಡದ ತಪ್ಪನ್ನೂ ಒಪ್ಪಿಕೊಳ್ಳುತ್ತಾನೆ. ಆದರೆ ಪೊಲೀಸರು ಬಲವಂತದಿಂದ ಕಿತ್ತುಕೊಂಡದ್ದು ಮಾತಲ್ಲ, ಒಂದು ವಸ್ತು ಅಂತಿಟ್ಟುಕೊಳ್ಳಿ. ವಸ್ತು ಸುಳ್ಳು ಹೇಳುವುದಿಲ್ಲ ಅಲ್ವಾ? ಅದನ್ನೂ ಹೊರಗಿಡಬೇಕೇ? ಇಡಬೇಕು ಅಂತಲೇ ನಾನು ಹೇಳುತ್ತೇನೆ.

1949ರ ಜುಲೈ. ಲಾಸ್ ಏಂಜಲೀಸ್‌ನ ಒಂದು ಮನೆಗೆ ಮೂವರು ಪೊಲೀಸರು ನುಗ್ಗಿದರು. ಮಲಗುವ ಕೋಣೆಯ ಬಾಗಿಲು ಒಡೆದರು. ಮಂಚದ ಪಕ್ಕದಲ್ಲಿ ಎರಡು ಕ್ಯಾಪ್ಸೂಲ್ ಕಂಡವು. ಇದು ಯಾರದು ಅಂತ ಕೇಳುತ್ತಿದ್ದಂತೆ ಆ ಮನೆಯಾತ ಅವನ್ನು ಬಾಯಿಗೆ ಹಾಕಿಕೊಂಡ. ಮೂವರೂ ಮೈಮೇಲೆ ಬಿದ್ದು ಬಾಯಿಂದ ತೆಗೆಯಲು ನೋಡಿದರು, ಆಗಲಿಲ್ಲ. ಬೇಡಿ ಹಾಕಿ ಆಸ್ಪತ್ರೆಗೆ ಒಯ್ದರು. ಅವನು ಒಪ್ಪದಿದ್ದರೂ ಹೊಟ್ಟೆಗೆ ಟ್ಯೂಬ್ ಇಳಿಸಿ, ವಾಂತಿ ಬರುವ ಔಷಧ ಹಾಕಿಸಿದರು. ಕ್ಯಾಪ್ಸೂಲ್ ಹೊರಬಂದವು. ಒಳಗೆ ಮಾರ್ಫಿನ್ ಎಂಬ ಮಾದಕ ವಸ್ತು ಇತ್ತು. ಅದನ್ನೇ ಸಾಕ್ಷ್ಯವಾಗಿಟ್ಟು ಅವನಿಗೆ ಶಿಕ್ಷೆ ಕೊಟ್ಟರು.

ಸಾಕ್ಷ್ಯ ನಿಜವಾದದ್ದೇ. ಆದರೂ 1952ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ರದ್ದು ಮಾಡಿತು. ಇದು ಮನಸ್ಸಾಕ್ಷಿಗೆ ಆಘಾತ ತರುವ ನಡತೆ ಎಂದು ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಬರೆದರು. ಆ ಕ್ಯಾಪ್ಸೂಲ್‌ಗಳನ್ನು ನಂಬಿ ಕೋರ್ಟು ಶಿಕ್ಷೆ ಕೊಟ್ಟರೆ, ಟ್ಯೂಬ್ ಹಿಡಿದ ಕೈಗೆ ಕೋರ್ಟೂ ಕೈ ಜೋಡಿಸಿದ ಹಾಗೆ. ನನಗೆ ಎಲ್ಲಕ್ಕಿಂತ ದೊಡ್ಡ ಕಾರಣ ಇದೇ.

1993ರಲ್ಲಿ ಜರ್ಮನಿಯಲ್ಲೂ ಇಂಥದ್ದೇ ನಡೆಯಿತು. ಮಾದಕ ವಸ್ತು ಮಾರುತ್ತಿದ್ದಾನೆ ಎಂಬ ಅನುಮಾನದ ಮೇಲೆ ಒಬ್ಬನನ್ನು ಹಿಡಿದರು. ನಾಲ್ವರು ಪೊಲೀಸರು ಅದುಮಿ ಹಿಡಿದಿದ್ದಾಗ ವೈದ್ಯರು ಮೂಗಿನಿಂದ ಟ್ಯೂಬ್ ಇಳಿಸಿದರು. ಸಿಕ್ಕಿದ್ದು ಒಂದೇ ಪೊಟ್ಟಣ, ಕಾಲು ಗ್ರಾಮಿಗೂ ಕಡಿಮೆ ಕೊಕೇನ್. ಸುಮ್ನೆ ಕಾದಿದ್ದರೆ ಅದು ಮೈಯಿಂದ ತಾನಾಗಿ ಹೊರಬೀಳುತ್ತಿತ್ತು! ಹೀಗೆ ಕಕ್ಕಿಸಲು ಹೋಗಿ ಆ ದೇಶದಲ್ಲಿ ಇಬ್ಬರು ಸತ್ತೂ ಇದ್ದರು. 2006ರಲ್ಲಿ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯದ 17 ನ್ಯಾಯಾಧೀಶರಲ್ಲಿ 10 ಮಂದಿ ಇದನ್ನು ಅಮಾನವೀಯ ಎಂದರು. ಆ ಸಾಕ್ಷ್ಯ ಬಳಸಿದ್ದರಿಂದ ವಿಚಾರಣೆಯೇ ನ್ಯಾಯವಾಗಿ ನಡೆದಿಲ್ಲ ಎಂದವರು 11 ಮಂದಿ. ಉಳಿದವರು ಒಪ್ಪಲಿಲ್ಲ. ಅಷ್ಟು ಕಷ್ಟದ ಪ್ರಶ್ನೆ ಇದು.

ತಪ್ಪು ಮಾಡಿದವನು ಪಾರಾಗುತ್ತಾನಲ್ಲ ಅಂತ ನೀವು ಕೇಳಬಹುದು. ಕೆಲವು ಸಲ ಪಾರಾಗುತ್ತಾನೆ. ಅನ್ಯಾಯಕ್ಕೆ ಒಳಗಾದವರಿಗೆ ಅದು ಸಂಕಟವೇ. ಪೊಲೀಸರಿಗೆ ಬೇರೆಯಾಗಿ ಶಿಕ್ಷೆ ಕೊಡಿ, ಸಾಕ್ಷ್ಯ ಇರಲಿ ಅನ್ನುವವರೂ ಇದ್ದಾರೆ. ಆದರೆ ಪೊಲೀಸರ ಮೇಲಿನ ದೂರನ್ನು ಪೊಲೀಸರೇ ತನಿಖೆ ಮಾಡುವ ಕಡೆ ಆ ಶಿಕ್ಷೆಯನ್ನು ಎಷ್ಟು ನಂಬೋಣ? ಕಕ್ಕಿಸಿದ್ದು ಕೇಸಿನಲ್ಲಿ ನಿಲ್ಲುವುದಿಲ್ಲ ಅಂತ ಗೊತ್ತಿದ್ದರೆ, ಕಕ್ಕಿಸುವುದಕ್ಕೆ ಕಾರಣವೇ ಇರುವುದಿಲ್ಲ.

ಹಾಗಂತ ಪೊಲೀಸರು ಬಲ ಬಳಸಿದಾಗೆಲ್ಲ ಸಾಕ್ಷ್ಯ ಬಿದ್ದುಹೋಗಬೇಕು ಅಂತಲ್ಲ. ಓಡುವವನನ್ನು ಹಿಡಿಯಲು ಬಲ ಬೇಕೇ ಬೇಕು. ಹಿಡಿದ ಮೇಲೆ ಒಬ್ಬ ಪೊಲೀಸ್ ಕಪಾಳಕ್ಕೆ ಬಾರಿಸಿದ ಅನ್ನಿ. ಅದು ತಪ್ಪು. ಆದರೆ ಅದಕ್ಕೂ ಮೊದಲೇ ಬೇರೆಲ್ಲೋ ಸರಿಯಾಗಿ ಸಿಕ್ಕಿದ್ದ ಚಾಕುವಿಗೂ ಆ ಏಟಿಗೂ ಸಂಬಂಧ ಇಲ್ಲ. ಆ ಬಲದಿಂದಲೇ ಈ ಸಾಕ್ಷ್ಯ ಸಿಕ್ಕಿತೇ, ಬೇರೆ ದಾರಿ ಇರಲಿಲ್ಲವೇ ಎಂದು ನ್ಯಾಯಾಧೀಶರು ಮೊದಲು ಕೇಳಬೇಕು. ಉತ್ತರ ಕೊಡುವ ಹೊಣೆ ಪೊಲೀಸರ ಮೇಲೇ ಇರಬೇಕು. ಮುಚ್ಚಿದ ಬಾಗಿಲ ಹಿಂದೆ ಏಟು ತಿಂದವನು ತನ್ನ ಪರ ಸಾಕ್ಷಿಯನ್ನು ಎಲ್ಲಿಂದ ತರಬೇಕು?