106 ಇಂಚಿನ ಗೋಡೆ, ಅಪ್ಪನ ಪಂಚೆ ಮತ್ತು ನಮ್ಮ ಪರದೆ

ಗೋಡೆ ಮೇಲೆ ನೀಲಿ ಟೇಪು ಕಾಣ್ತಿದೆ ಅಲ್ವಾ? ಅದರ ಒಳಗೆ ಇನ್ನೊಂದು, ಹಳದಿ ಟೇಪು. ಎರಡು ವಾರದಿಂದ ನಮ್ಮ ಮನೆಯಲ್ಲಿ ನಡೆಯುತ್ತಿರುವ ಜಗಳವೆಲ್ಲ ಈ ಎರಡು ಚೌಕಗಳದ್ದೇ. ನೀಲಿ ಚೌಕ 16:9, ಅಂದರೆ ಟಿವಿ ಆಕಾರ. ಹಳದಿಯದ್ದು 2.35:1, ಅಂದರೆ ಥಿಯೇಟರಿನ ಅಗಲ ಪರದೆಯ ಸಿನಿಮಾಸ್ಕೋಪ್ ಆಕಾರ, ಚಿಕ್ಕದಾಗಿ ‘ಸ್ಕೋಪ್’. ನಮ್ಮ ಹೊಸ ಪ್ರೊಜೆಕ್ಟರಿಗೆ ಪರದೆ ಒಂದೇ ತರುವುದು. ಯಾವ ಆಕಾರದ್ದು ಅನ್ನೋದೇ ಪ್ರಶ್ನೆ.

ಇದು ಶಿವಮೊಗ್ಗದಲ್ಲಿರುವ ನಮ್ಮ ಮನೆಯ ಮಹಡಿ ಮೇಲಿನ ರೂಮು. ಮೊನ್ನೆ ಮೊನ್ನೆವರೆಗೂ ಇಲ್ಲಿ ಹಳೇ ಟ್ರಂಕು, ಎರಡು ಮುರಿದ ಕುರ್ಚಿ, ಅಮ್ಮನ ಹಪ್ಪಳದ ಡಬ್ಬ ಇದ್ದವು. 14 ಅಡಿ ಉದ್ದ, 11 ಅಡಿ ಅಗಲ. ಪರದೆ ಬರುವುದು ಈ 11 ಅಡಿಯ ಗೋಡೆಗೆ. ಆದರೆ ಎಡಗಡೆ ನೋಡಿ, ಗೋಡೆಯೊಳಗೇ ಕಟ್ಟಿಸಿದ ಕಪಾಟು. ಅದು 26 ಇಂಚು ನುಂಗಿದೆ. ಉಳಿದದ್ದು 106 ಇಂಚು. ಈ 106 ನೆನಪಿಟ್ಟುಕೊಳ್ಳಿ, ಕೊನೆಗೆ ಎಲ್ಲ ತೀರ್ಮಾನ ಮಾಡಿದ್ದು ಇದೇ.

ಪ್ರೊಜೆಕ್ಟರ್ ಮೊದಲು ಬಂತು, ಪರದೆ ಆಮೇಲೆ. ಬುದ್ಧಿವಂತರು ಉಲ್ಟಾ ಮಾಡುತ್ತಾರೆ. ನನಗೆ ತಡೆಯಲಾಗಲಿಲ್ಲ. ಬಾಕ್ಸ್ ಬಿಚ್ಚಿದ ರಾತ್ರಿಯೇ ಅಪ್ಪನ ಬಿಳಿ ಪಂಚೆ ಒಂದನ್ನು ತಂದು ನಾಲ್ಕು ಮೊಳೆ ಹೊಡೆದು ಗೋಡೆಗೆ ಕಟ್ಟಿದೆ. ಇದೇ ಆ ಪಂಚೆ. ಗೋಡೆ ಮೇಲೆ ಅಡ್ಡಕ್ಕೆ 2 ಮೀಟರ್, ಎತ್ತರಕ್ಕೆ 1.27 ಮೀಟರ್. ಭಾಗಿಸಿದರೆ 1.57. ಅಂದರೆ ಪಂಚೆ ಸಿನಿಮಾಸ್ಕೋಪೂ ಅಲ್ಲ, ಟಿವಿಯೂ ಅಲ್ಲ. ಸುಮ್ನೆ ಹೇಳಿದೆ. ಆದರೆ ಈ ಭಾಗಾಕಾರವೇ ಇವತ್ತಿನ ವಿಷಯ: ಅಗಲವನ್ನು ಎತ್ತರದಿಂದ ಭಾಗಿಸಿ, ಬರುವ ಸಂಖ್ಯೆಯೇ ಪರದೆಯ ಆಕಾರ. ಟಿವಿಗೆ 1.78. ಸ್ಕೋಪಿಗೆ 2.35. ಈಗಿನ ಸ್ಕೋಪ್ ಸಿನಿಮಾಗಳು ಸರಿಯಾಗಿ ನೋಡಿದರೆ 2.39. ಪರದೆ ಮಾರುವವರು ಮಾತ್ರ ಹಳೇ ಅಭ್ಯಾಸಕ್ಕೆ 2.35 ಅಂತಲೇ ಕರೆಯುತ್ತಾರೆ.

ನನಗೆ ಮನಸ್ಸಿದ್ದದ್ದು ಸ್ಕೋಪ್ ಮೇಲೆ. ಯಾಕೆ ಅಂದರೆ ಅದೊಂಥರಾ ಥಿಯೇಟರ್ ಗತ್ತು. ಚಿಕ್ಕವರಿದ್ದಾಗ ಟಾಕೀಸಿನಲ್ಲಿ ಮೊದಲು ಜಾಹೀರಾತು ಸಣ್ಣದಾಗಿ ಬರುತ್ತಿತ್ತು. ಆಮೇಲೆ ಎರಡೂ ಬದಿಯ ಕಪ್ಪು ಬಟ್ಟೆ ಮೆಲ್ಲಗೆ ಸರಿಯುತ್ತಿತ್ತು, ಪರದೆ ಅಗಲ ಆಗುತ್ತಾ ಹೋಗುತ್ತಿತ್ತು. ಸಿನಿಮಾ ಇನ್ನೂ ಶುರುವೇ ಆಗಿಲ್ಲ, ಆಗಲೇ ಸೀಟಿ. ಆ ಬಟ್ಟೆ ಸರಿಯುವ ಕ್ಷಣ ನನ್ನ ಮನೆಯಲ್ಲೂ ಬೇಕಿತ್ತು.

ಅಪ್ಪನ ಹತ್ತಿರ ಇದಕ್ಕಿಂತ ಒಳ್ಳೆ ಕಥೆ ಇದೆ. ಅವರೂರಿನ ಟೆಂಟಿಗೆ ಮೊದಲ ಸಲ ಸ್ಕೋಪ್ ಸಿನಿಮಾ ಬಂದಾಗ ಆಪರೇಟರ್ ಲೆನ್ಸ್ ಹಾಕೋದನ್ನು ಮರೆತನಂತೆ. ‘ಹೀರೋ ತೆಂಗಿನ ಮರದ ಥರ ಉದ್ದ ಇದ್ದ ಪುಟ್ಟಿ, ಕುದುರೆ ಒಂಟೆ ಥರ ಕಾಣ್ತಿತ್ತು. ನೆಲದವರೆಲ್ಲ ಎದ್ದು ಕೂಗಾಡಿದ್ರು’ ಅಂತ ನಗುತ್ತಾರೆ. ಅದು ಯಾಕೆ ಹಾಗಾಗುತ್ತೆ ಅಂದರೆ, ಆಗಿನ ಸ್ಕೋಪ್‌ನಲ್ಲಿ ಕ್ಯಾಮೆರಾ ಲೆನ್ಸು ಅಗಲದ ಚಿತ್ರವನ್ನು ಎರಡೂ ಕಡೆಯಿಂದ ಹಿಂಡಿ ಮಾಮೂಲಿ 35 ಎಂಎಂ ರೀಲಿಗೆ ತುರುಕುತ್ತಿತ್ತು. ಪ್ರೊಜೆಕ್ಟರ್ ಮುಂದೆ ಇನ್ನೊಂದು ಲೆನ್ಸ್ ಹಾಕಿ ಅದನ್ನು ಮತ್ತೆ ಅಗಲ ಮಾಡಬೇಕು. ಹಾಕದಿದ್ದರೆ ಎಲ್ಲರೂ ತೆಂಗಿನ ಮರ.

ಇದನ್ನು ಹಾಲಿವುಡ್ಡಿನವರು ಜೋರಾಗಿ ಶುರು ಮಾಡಿದ್ದು 1953ರಲ್ಲಿ. ಮನೆಮನೆಗೆ ಟಿವಿ ಬಂದು ಥಿಯೇಟರ್ ಖಾಲಿ ಹೊಡೆಯುತ್ತಿತ್ತು. ಟಿವಿಯಲ್ಲಿ ಸಿಗದ ಅಗಲ ತೋರಿಸೋಣ ಅನ್ನೋದು ಅವರ ಲೆಕ್ಕ. ನಮ್ಮ ದೇಶದ ಮೊದಲ ಸಿನಿಮಾಸ್ಕೋಪ್ 1959ರ ‘ಕಾಗಜ್ ಕೆ ಫೂಲ್’. ಕನ್ನಡಕ್ಕೆ ಬಂದಾಗ 1977, ‘ಸೊಸೆ ತಂದ ಸೌಭಾಗ್ಯ’. ಅಂದರೆ ಅದಕ್ಕಿಂತ ಹಿಂದಿನ ನಮ್ಮ ಯಾವ ಸಿನಿಮಾವೂ ಸ್ಕೋಪ್ ಅಲ್ಲ. ಅಪ್ಪ ಮತ್ತೆ ಮತ್ತೆ ಹಾಕಿಸಿಕೊಂಡು ನೋಡುವ ರಾಜ್‌ಕುಮಾರ್ ಸಿನಿಮಾಗಳಲ್ಲಿ ಮುಕ್ಕಾಲು ಪಾಲು ಈ ಲೆಕ್ಕಕ್ಕೇ ಬರುತ್ತವೆ. ಇದು ನನಗೆ ಆಮೇಲೆ ಹೊಳೆದದ್ದು.

ಸರಿ, ಈಗ ಟೇಪು. ಪರದೆಗೆ ಸುತ್ತಲೂ 3 ಇಂಚಿನ ಕಪ್ಪು ಚೌಕಟ್ಟು ಇರುತ್ತೆ. 106ರಲ್ಲಿ 6 ಕಳೆಯಿರಿ. ಸ್ವಲ್ಪ ಉಸಿರಾಡಲು ಜಾಗ ಬಿಡಿ. ಚಿತ್ರಕ್ಕೆ ಸಿಗುವುದು 96 ಇಂಚು. ಈ ಅಗಲಕ್ಕೆ 16:9 ಪರದೆ ಅಂದರೆ ಎತ್ತರ 54 ಇಂಚು. ಮೂಲೆಯಿಂದ ಮೂಲೆಗೆ ಅಳೆದರೆ 110. ಅದೇ ಅಗಲಕ್ಕೆ ಸ್ಕೋಪ್ ಪರದೆ ಅಂದರೆ ಎತ್ತರ 41, ಮೂಲೆಯಿಂದ ಮೂಲೆಗೆ 104.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಅಂಗಡಿಗೆ ಫೋನ್ ಮಾಡಿದರೆ ಅವರು ಕೇಳುವುದು ಒಂದೇ ಪ್ರಶ್ನೆ: ‘ಎಷ್ಟು ಇಂಚು ಬೇಕು ಮೇಡಂ?’ ಅದು ಮೂಲೆಯಿಂದ ಮೂಲೆಯ ಅಳತೆ. ಆಕಾರ ಬೇರೆ ಬೇರೆ ಇದ್ದಾಗ ಆ ಸಂಖ್ಯೆ ಏನನ್ನೂ ಹೇಳಲ್ಲ. ನಾನು ಮೊದಲು ‘120 ಇಂಚಿನ ಸ್ಕೋಪ್’ ಅಂತ ಆರ್ಡರ್ ಮಾಡುವುದರಲ್ಲಿದ್ದೆ. ಅದರ ಅಗಲ 110 ಇಂಚು, ಚೌಕಟ್ಟು ಬೇರೆ. ಕಪಾಟಿನ ಬಾಗಿಲೇ ತೆಗೆಯಲಾಗುತ್ತಿರಲಿಲ್ಲ. ಅಮ್ಮನ ರೇಷ್ಮೆ ಸೀರೆಗಳು ಇರುವುದು ಅದರಲ್ಲೇ. ಬಚಾವಾದೆ.

ಈಗ ನೀಲಿ ಚೌಕದಲ್ಲಿ ಸ್ಕೋಪ್ ಸಿನಿಮಾ ಹಾಕುತ್ತೇನೆ. ನೋಡಿ, ಮೇಲೆ ಕೆಳಗೆ ಕಪ್ಪು ಪಟ್ಟಿ, ಒಂದೊಂದು ಸುಮಾರು 7 ಇಂಚು. ಮಧ್ಯದ ಚಿತ್ರ 96 ಇಂಚು ಅಗಲ. ಈಗ ಹಳದಿ ಚೌಕ ನೋಡಿ. ಅಲ್ಲೂ ಅದೇ ಚಿತ್ರ, ಅದೇ 96 ಇಂಚು. ಒಂದು ಇಂಚೂ ದೊಡ್ಡದಾಗಲಿಲ್ಲ! ಸ್ಕೋಪ್ ಪರದೆ ತಂದರೆ ಸಿನಿಮಾ ದೊಡ್ಡದಾಗುತ್ತೆ ಅಂತ ನಾನು ಎಷ್ಟು ದಿನ ಅಂದುಕೊಂಡಿದ್ದೆ ಗೊತ್ತಾ? ನನ್ನ ಗೋಡೆಯಲ್ಲಿ ಅಡ್ಡ ಬಂದಿರುವುದು ಅಗಲ. ಅಗಲ ಎರಡರಲ್ಲೂ ಒಂದೇ. ಸ್ಕೋಪ್ ಪರದೆ ಮಾಡುವುದು ಒಂದೇ ಕೆಲಸ, ಕಪ್ಪು ಪಟ್ಟಿ ಬೀಳುವ ಜಾಗವನ್ನು ಕತ್ತರಿಸಿ ಬಿಸಾಕುವುದು.

ಆದರೆ ಕ್ರಿಕೆಟ್ ಹಾಕಿದಾಗ ಪೆಟ್ಟು ಬೀಳುತ್ತೆ. ಮೂಲೆಯಿಂದ ಮೂಲೆಗೆ ಅಳೆದರೆ ನೀಲಿ ಚೌಕದಲ್ಲಿ ಮ್ಯಾಚು 110 ಇಂಚು. ಹಳದಿ ಚೌಕದಲ್ಲಿ ಎತ್ತರ 41 ತಾನೇ, ಅದರೊಳಗೆ ಹಿಡಿಸಿದರೆ 83 ಇಂಚು. ಎರಡೂ ಬದಿ ಖಾಲಿ. ಅಪ್ಪನ ಹಳೇ ಸಿನಿಮಾ, ಆಗುಂಬೆಯಲ್ಲಿ ತೆಗೆದ ‘ಮಾಲ್ಗುಡಿ ಡೇಸ್’, ಇವೆಲ್ಲ 4:3 ಹತ್ತಿರದವು. ಅವು 68 ಇಂಚಿಗೆ ಇಳಿಯುತ್ತವೆ. 68 ಇಂಚಿಗೆ ಪ್ರೊಜೆಕ್ಟರ್ ಯಾಕೆ ಬೇಕಿತ್ತು?

ಈ 16:9 ಎಲ್ಲಿಂದ ಬಂತು ಅಂತ ಹುಡುಕಿದಾಗ ಒಂದು ಚೆಂದದ ಸಂಗತಿ ಸಿಕ್ಕಿತು. 1980ರ ದಶಕದಲ್ಲಿ ಅಮೆರಿಕದ ಕರ್ನ್ಸ್ ಪವರ್ಸ್ ಅನ್ನುವ ಇಂಜಿನಿಯರ್ ಆಗ ಚಾಲ್ತಿಯಲ್ಲಿದ್ದ ಆಕಾರಗಳನ್ನೆಲ್ಲ ಒಂದೇ ವಿಸ್ತೀರ್ಣದ ಚೌಕಗಳಾಗಿ ಮಾಡಿ ಒಂದರ ಮೇಲೊಂದು ಇಟ್ಟು ನೋಡಿದರಂತೆ. ನಾನೂ ಮಾಡಿ ನೋಡಿದೆ. ಹೋದ ವರ್ಷದ ಕ್ಯಾಲೆಂಡರ್ ಹಾಳೆ. ಇದು 8 ಇಂಚು ಅಗಲ 6 ಇಂಚು ಎತ್ತರ, ಹಳೇ ಟಿವಿ. ಇದು 10.6ಕ್ಕೆ 4.5, ಸ್ಕೋಪ್. ಎರಡರ ವಿಸ್ತೀರ್ಣವೂ ಹತ್ತಿರ ಹತ್ತಿರ 48. ಮಧ್ಯಕ್ಕೆ ಮಧ್ಯ ಸೇರಿಸಿ ಇಡುತ್ತೇನೆ. ಈಗ ಎರಡನ್ನೂ ಒಳಗೆ ಹಿಡಿಸುವ ಹೊರಗಿನ ಚೌಕ ಎಷ್ಟು? 10.6ಕ್ಕೆ 6. ಭಾಗಿಸಿದರೆ 1.77. ಎರಡೂ ಒಂದರ ಮೇಲೊಂದು ಬಿದ್ದಿರುವ ಒಳಗಿನ ಚೌಕ? 8ಕ್ಕೆ 4.5. ಅದೂ 1.78! ನಾನು ಎರಡು ಸಲ ಅಳೆದೆ, ಸುಳ್ಳಿರಬಹುದು ಅಂತ. 16:9 ಯಾರೋ ಟಿವಿ ಕಂಪನಿಯವರು ಬಾಯಿಗೆ ಬಂದಂತೆ ಹೇಳಿದ ಸಂಖ್ಯೆ ಅಂದುಕೊಂಡಿದ್ದೆ. ಅದು ಹಳೇ ಚಿತ್ರಕ್ಕೂ ಸ್ಕೋಪ್ ಚಿತ್ರಕ್ಕೂ ಸಮನಾಗಿ ಅನ್ಯಾಯ ಮಾಡುವ ಆಕಾರ.

ಆಮೇಲೆ ನಾವೇನು ನೋಡುತ್ತೇವೆ ಅಂತ ಒಂದು ತಿಂಗಳು ಬರೆದಿಟ್ಟೆ. ಫ್ರಿಜ್ ಮೇಲೆ ಅಂಟಿಸಿದ ಚೀಟಿ ಇದು. ಒಟ್ಟು 41 ಗಂಟೆ. ಕ್ರಿಕೆಟ್ 17. ಅಮ್ಮನ ಸೀರಿಯಲ್ಲು, ಯೂಟ್ಯೂಬ್ ಅಡುಗೆ ಸೇರಿ 9. ಅಪ್ಪನ ಹಳೇ ಸಿನಿಮಾ 6. ಸ್ಕೋಪ್‌ನಲ್ಲಿ ಬಂದ ಹೊಸ ಸಿನಿಮಾ 9. ನಾನು ಮನೆಯಲ್ಲಿ ಎಲ್ಲರ ಮುಂದೆ ‘ನಾವು ಸಿನಿಮಾ ನೋಡೋ ಕುಟುಂಬ’ ಅಂತ ವಾದ ಮಾಡುತ್ತಿದ್ದೆ. ಚೀಟಿ ನೋಡಿ ಅಮ್ಮ ಏನೂ ಹೇಳಲಿಲ್ಲ, ಸುಮ್ನೆ ನಕ್ಕರು.

ಹಾಗಂತ ಸ್ಕೋಪ್ ಪರದೆ ದಂಡ ಅಂತಲ್ಲ. ಬೆಂಗಳೂರಿನಲ್ಲಿ ನಮ್ಮ ದೊಡ್ಡಪ್ಪನ ಮಗ ಇದ್ದಾನೆ. ಅವನ ಫ್ಲಾಟಿನ ಹಾಲ್ ನೋಡಿ. ಗೋಡೆ 16 ಅಡಿ ಅಗಲ, ಬೇಕಾದಷ್ಟು ಜಾಗ. ಆದರೆ ಮೇಲೆ ಫಾಲ್ಸ್ ಸೀಲಿಂಗ್ ಇಳಿಸಿದ್ದಾರೆ, ಕೆಳಗೆ ಉದ್ದಕ್ಕೂ ಡ್ರಾಯರ್ ಇರುವ ಕಟ್ಟೆ. ಮಧ್ಯೆ ಉಳಿದ ಎತ್ತರ 48 ಇಂಚು. ಅವನಿಗೆ ಅಡ್ಡ ಬಂದದ್ದು ಎತ್ತರ. 16:9 ಹಾಕಿದ್ದರೆ ಅಗಲ 85ಕ್ಕೆ ನಿಲ್ಲುತ್ತಿತ್ತು. ಸ್ಕೋಪ್ ಹಾಕಿದ, 113 ಇಂಚು. ಕ್ರಿಕೆಟ್ ಎರಡರಲ್ಲೂ ಅಷ್ಟೇ ದೊಡ್ಡದು, ಸಿನಿಮಾ ಮಾತ್ರ ಎರಡೂ ಕಡೆ ಕೈ ಚಾಚುತ್ತೆ. ಅವನ ಗೋಡೆಗೆ ಅದೇ ಸರಿ. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ.

ಆದರೆ ಅವನ ಕಷ್ಟ ಬೇರೆ. ಮಾಮೂಲಿ ಹೋಮ್ ಪ್ರೊಜೆಕ್ಟರ್ ಒಳಗೆ ಚಿತ್ರ ಮೂಡಿಸುವ ಚಿಪ್ಪೇ 16:9. ಸ್ಕೋಪ್ ಸಿನಿಮಾ ಬಂದಾಗ ಅವನು ಝೂಮ್ ಮಾಡಿ ಚಿತ್ರವನ್ನು ಪರದೆ ತುಂಬಿಸಬೇಕು. ಕಪ್ಪು ಪಟ್ಟಿಗಳು ಮೇಲೆ ಸೀಲಿಂಗಿಗೂ ಕೆಳಗೆ ಕಟ್ಟೆಗೂ ಬೀಳುತ್ತವೆ. ಮತ್ತೆ ಮ್ಯಾಚಿಗೆ ಝೂಮ್ ಕಡಿಮೆ ಮಾಡಬೇಕು. ಅವನ ಪ್ರೊಜೆಕ್ಟರಿನಲ್ಲಿ ಲೆನ್ಸ್ ಮೆಮೊರಿ ಇದೆ, ಬಟನ್ ಒತ್ತಿದರೆ ತಾನೇ ಸರಿಹೋಗುತ್ತೆ. ಹಾಗೆ ಮಾಡಲು ಝೂಮ್ ಕನಿಷ್ಠ 1.33 ಪಟ್ಟು ಇರಬೇಕು. ನನ್ನದರಲ್ಲಿ ಇರುವುದು 1.2, ಅದೂ ಸ್ಟೂಲ್ ಹತ್ತಿ ಕೈಯಲ್ಲಿ ತಿರುಗಿಸುವುದು. ಝೂಮ್ ಮಾಡಿದಾಗ ಅದೇ ಬೆಳಕು ಜಾಸ್ತಿ ಜಾಗಕ್ಕೆ ಹರಡುತ್ತೆ ಬೇರೆ. ಲೆಕ್ಕ ಹಾಕಿದರೆ ಹೊಳಪು ಮುಕ್ಕಾಲು ಕೂಡ ಉಳಿಯಲ್ಲ, 56%ಗೆ ಇಳಿಯುತ್ತೆ. ಮತ್ತೆ ಸಬ್‌ಟೈಟಲ್. ಅದು ಕೆಳಗಿನ ಕಪ್ಪು ಪಟ್ಟಿಯಲ್ಲಿ ಬರುವ ಸಿನಿಮಾ ಆದರೆ ಮಾತೆಲ್ಲ ಡ್ರಾಯರ್ ಮೇಲೆ ಓದಬೇಕು. ಒಂದು ಕೊರಿಯನ್ ಸಿನಿಮಾ ನಾವು ಹಾಗೇ ಓದಿದೆವು. ಹಿಡಿಕೆ ಬಂದ ಕಡೆ ಅಕ್ಷರ ಸೊಟ್ಟ.

ಮಧ್ಯದ ದಾರಿ ಅಂತ 2:1 ಪರದೆಯೂ ಸಿಗುತ್ತೆ, ಬಹಳ ವೆಬ್ ಸೀರೀಸ್ ಆ ಆಕಾರದಲ್ಲೇ ಬರುತ್ತಿವೆ. ನಮ್ಮ ಚೀಟಿಯಲ್ಲಿ ವೆಬ್ ಸೀರೀಸ್ ಇಲ್ಲವೇ ಇಲ್ಲ. ಬಿಟ್ಟೆ.

ಕೊನೆಗೆ 110 ಇಂಚಿನ 16:9 ಬಂತು. ಮ್ಯಾಟ್ ವೈಟ್, ಅಂದರೆ ಮಿಂಚದ ಬಿಳಿ, ಸುತ್ತಲೂ ಚೌಕಟ್ಟು ಇರುವ ಗಟ್ಟಿ ಪರದೆ. ಕೆಳಗಿನ ಅಂಚು ನೆಲದಿಂದ 34 ಇಂಚು ಮೇಲೆ. ಸೋಫಾ 11 ಅಡಿ ದೂರ.

ಮೊದಲ ರಾತ್ರಿ ಸ್ಕೋಪ್ ಸಿನಿಮಾ ಹಾಕಿದಾಗ ಆ ಕಪ್ಪು ಪಟ್ಟಿ ಕಣ್ಣಿಗೆ ಚುಚ್ಚಿತು. ಪ್ರೊಜೆಕ್ಟರ್ ಕಪ್ಪು ಅನ್ನೋದು ನಿಜವಾಗಿ ಕಪ್ಪಲ್ಲ, ಮಳೆಗಾಲದ ಮೋಡದ ಬಣ್ಣ. ಅದನ್ನು ಮುಚ್ಚಬೇಕು. ಫ್ಲೆಕ್ಸ್ ಅಂಗಡಿಯಲ್ಲಿ ಸನ್‌ಬೋರ್ಡ್ ಅನ್ನುವ ಹಗುರ ಫೋಮ್ ಹಲಗೆ ಸಿಗುತ್ತೆ, 8 ಅಡಿಗೆ 4 ಅಡಿ. 8 ಅಡಿ ಅಂದರೆ 96 ಇಂಚು. ನನ್ನ ಪರದೆಯ ಅಗಲವೂ ಅಷ್ಟೇ! ಇದಕ್ಕಿಂತ ಅದೃಷ್ಟ ಬೇಕಾ? 7 ಇಂಚಿನ ಎರಡು ಪಟ್ಟಿ ಕೊಯ್ಸಿದೆ. ಕಪ್ಪು ವೆಲ್ವೆಟ್ ತಂದು ಡಬಲ್ ಸೈಡ್ ಟೇಪಿನಲ್ಲಿ ಸುತ್ತಿದೆ. ಹತ್ತಿರ ತೋರಿಸುತ್ತೇನೆ, ಬೆಳಕು ಬಿದ್ದರೂ ಹೇಗೆ ಕುಡಿದುಬಿಡುತ್ತೆ ನೋಡಿ. ಹಿಂದೆ ಅಂಟಿಸಲು ಎಂಟು ಮ್ಯಾಗ್ನೆಟ್ ತಂದೆ. ಚೌಕಟ್ಟಿಗೆ ಇಟ್ಟೆ, ಟಪ್ ಅಂತ ಬಿತ್ತು. ಇನ್ನೊಂದು ಇಟ್ಟೆ, ಅದೂ ಬಿತ್ತು. ಅಪ್ಪ ಬಾಗಿಲಲ್ಲಿ ನಿಂತು ‘ಅದು ಅಲ್ಯೂಮಿನಿಯಂ ಅಲ್ವೇನೇ’ ಅಂದರು. ಎಂಟು ಮ್ಯಾಗ್ನೆಟ್ಟೂ ಈಗ ಫ್ರಿಜ್ ಮೇಲೆ ಇವೆ. ಪಟ್ಟಿಗಳು ವೆಲ್ಕ್ರೋ ಮೇಲೆ ನಿಂತಿವೆ.

ಭಾನುವಾರ ರಾತ್ರಿ. ಲೈಟ್ ಆಫ್. ಸಿನಿಮಾ ಹೆಸರು ಬರುವ ಮೊದಲು ನಾನು ಮೇಲಿನ ಪಟ್ಟಿ ಹಾಕಿದೆ, ಕೆಳಗಿನದು ಹಾಕಿದೆ. ಬೂದು ಬಣ್ಣ ಮಾಯ. 96 ಇಂಚು ಅಗಲದ ಚಿತ್ರ ಗೋಡೆಯಿಂದ ಎದ್ದು ಬಂದಂತೆ ನಿಂತಿತು. ಬಟ್ಟೆ ಅಡ್ಡಕ್ಕೆ ಸರಿಯಲಿಲ್ಲ, ಮೇಲಿಂದ ಕೆಳಗಿಂದ ಮುಚ್ಚಿಕೊಂಡಿತು ಅಷ್ಟೇ. ಅಪ್ಪ ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದರು. ಅಮ್ಮ ಬೈದರು.

ಇಂಟರ್ವಲ್‌ನಲ್ಲಿ ಚಹಾ ಕುಡಿಯುತ್ತಾ ಅಪ್ಪ ಕೇಳಿದರು: ‘ಎಲ್ಲ ಸರಿ, ನನ್ನ ಪಂಚೆ ಎಲ್ಲಿ?’ ಮಡಿಚಿ ಕೊಟ್ಟೆ. ಬಿಚ್ಚಿ ಬೆಳಕಿಗೆ ಹಿಡಿದರು. ನಾಲ್ಕು ಮೂಲೆಯಲ್ಲೂ ಮೊಳೆ ತೂತು.